ಲ್ಯಾಬ್ ಕೋಟಿಗೂ ಡೋಸ್ ಲೆಕ್ಕ!

ಹಾಸನದ ಯೂನಿವರ್ಸಿಟಿ ಲ್ಯಾಬಲ್ಲಿ ರೇಡಿಯೇಷನ್ ಸೇಫ್ಟಿ ನೋಡಿಕೊಳ್ಳುತ್ತೇನೆ ಅಂದರೆ ಮೊದಲ ಪ್ರಶ್ನೆ, "ಕೂದಲು ಉದುರಲ್ವಾ?" ಇಲ್ಲ ಮಾರಾಯ್ರೆ. ಜಾಸ್ತಿ ಕೆಲಸ ರಿಜಿಸ್ಟರ್ ಬರೆಯುವುದು, ವಿಕಿರಣ ಸೂಸುವ ವಸ್ತು (ಸೋರ್ಸ್) ಇಟ್ಟ ಸೀಸದ ಡಬ್ಬಿಗೆ ಬೀಗ ಬಿದ್ದಿದೆಯಾ ನೋಡುವುದು, ಮತ್ತೆ ಮೈಗೆ ಬಿದ್ದ ರೇಡಿಯೇಷನ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಳ್ಳಿ ಅಂತ ಪಿಎಚ್‌ಡಿ ಹುಡುಗರ ಬೆನ್ನು ಬೀಳುವುದು. ಬ್ಯಾಡ್ಜ್ ಒಳಗೆ ಮೂರು ಪುಟ್ಟ ಬಿಲ್ಲೆಗಳಿವೆ. ಮೂರು ತಿಂಗಳಿಗೊಮ್ಮೆ ಅವನ್ನು ಅಳೆಯುವ ಲ್ಯಾಬಿಗೆ ಕಳಿಸುತ್ತೇವೆ, ಅಲ್ಲಿ ಬಿಸಿ ಮಾಡಿದಾಗ ಬರುವ ಬೆಳಕನ್ನು ಅಳೆದು ಡೋಸ್, ಅಂದರೆ ಬಿದ್ದ ರೇಡಿಯೇಷನ್, ಎಷ್ಟು ಅಂತ ಹೇಳುತ್ತಾರೆ. ಕೆಲವರು ಅದನ್ನು ಕೋಟಿಗೆ ಸಿಕ್ಕಿಸಿ, ಕೋಟನ್ನು ಸೋರ್ಸ್ ಕೋಣೆಯಲ್ಲೇ ನೇತುಹಾಕಿ ಟೀಗೆ ಹೋಗುತ್ತಾರೆ. ಆಗ ರಿಪೋರ್ಟಲ್ಲಿ ಬರುವುದು ಕೋಟಿನ ಡೋಸ್!

ರೇಡಿಯೇಷನ್ ಜೊತೆ ಕೆಲಸ ಮಾಡುವವರಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವ ವರ್ಷವೂ 30 ದಾಟಬಾರದು. ನಮ್ಮಲ್ಲಿ ಯಾರೂ ಅದರ ಹತ್ತಿರಕ್ಕೂ ಹೋಗಿಲ್ಲ. ಆದರೂ ಸುಳ್ಳು ಲೆಕ್ಕ ಬೇಡ ಅಲ್ವಾ, ಅದಕ್ಕೆ ಈಗ ಕೋಣೆಯಿಂದ ದೂರ, ಆಫೀಸಿನ ಗೋಡೆಗೇ ಮೊಳೆ ಹೊಡೆಸಿದ್ದೇನೆ.