ಏಳು ಇಸಿಜಿ, ಒಂದು ನಿಮಿಷದ ಉಸಿರು

ಮಂಗಳವಾರ ಸೇಡಂ ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಓಪಿಡಿ. ಮನೋವೈದ್ಯರು ತಾಲೂಕಿಗೆ ಬರುವ ದಿನ ಅದು. ಮೊದಲ ಬಸ್ಸಿಗೆ ಬಂದ ಹಳ್ಳಿಯವರು, ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆ ಕೂಲಿಗಳು, ತಾಂಡೂರ್ ಕಡೆಯಿಂದ ರೈಲಿಗೆ ಬಂದಿಳಿದವರು, ಎಲ್ಲರೂ ಒಂದೇ ಬೆಂಚಿನ ಮೇಲೆ. ಹಳೆಯ ರೋಗಿಗಳು ಗುಳಿಗೆ ಬರೆಸಿಕೊಂಡು ಬೇಗ ಏಳುತ್ತಾರೆ. ಹೊತ್ತು ಹಿಡಿಯುವುದು ಹೊಸಬರಿಗೆ, ಅದರಲ್ಲೂ ಎದೆಯ ತಕರಾರು ಹೇಳಿಕೊಂಡು ಬರುವ ಪ್ಯಾನಿಕ್ ಅಟ್ಯಾಕಿನವರಿಗೆ, ಅಂದರೆ ಒಮ್ಮೆಲೇ ಏರುವ ಗಾಬರಿಯವರಿಗೆ.

ಆ ದಿನ ಗಂಡನ ಜೊತೆ ಬಂದ ಮೂವತ್ತೆರಡರ ಹೆಣ್ಣುಮಗಳು ಅಂಥವರಲ್ಲೊಬ್ಬರು. ಕೂರುವ ಮೊದಲೇ ಗಂಡ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದರು. ಏಳು ಇಸಿಜಿ, ಎರಡು ಎಕೋ, ಥೈರಾಯ್ಡ್, ಶುಗರ್, ರಕ್ತದ ರಿಪೋರ್ಟು, ಅರ್ಧರ್ಧ ನುಂಗಿಬಿಟ್ಟ ಗ್ಯಾಸಿನ ಗುಳಿಗೆಗಳು.

"ಎಲ್ಲಾ ನಾರ್ಮಲ್ ಅದ ಅಂತಾರ್ರಿ ಸರ್. ನಾರ್ಮಲ್ ಇದ್ರ ನಂಗ್ಯಾಕ ಸಾಯೋಹಂಗ ಆಗ್ತದ?"

"ನಿಮಗೇನೂ ಆಗಿಲ್ಲ, ಟೆನ್ಷನ್ ತಗೋಬ್ಯಾಡ್ರಿ" ಅನ್ನುವುದು ಈ ಪ್ರಶ್ನೆಗೆ ಎಲ್ಲಕ್ಕಿಂತ ಸುಲಭದ ಉತ್ತರ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಅವರ ಮೈಯಲ್ಲಿ ಆಗುತ್ತಿರುವುದು ಸುಳ್ಳಲ್ಲ. ಏನು ಆಗುತ್ತಿದೆ ಎಂದು ಹೇಳುವವರಿಲ್ಲದೆ ಎಂಟು ತಿಂಗಳು ಕಳೆದಿತ್ತು.

ಮೊದಲ ಸಲ ಬಂದದ್ದು ಮೇ ತಿಂಗಳ ಬಿಸಿಲಲ್ಲಿ, ಕಲಬುರಗಿಯಿಂದ ವಾಪಸು ಬರುವ ಬಸ್ಸಿನಲ್ಲಿ, ನಿಂತುಕೊಂಡಿದ್ದಾಗ. "ಎದಿ ಡಬಡಬ ಹೊಡ್ಕೊಳಕತ್ತಿತ್ರಿ, ಕೈ ಜುಮ್ಮಂದ್ವು, ತುಟಿ ಮರಗಟ್ಟಿತು, ಉಸಿರೇ ಸಾಲವಲ್ದು." ನಡುದಾರಿಯಲ್ಲೇ ಇಳಿಸಿ ಹತ್ತಿರದ ಊರಲ್ಲಿ ಸಲಾಯಿನ್ ಹಾಕಿಸಿದರು, ಆರಾಮಾಯಿತು. ಹದಿನೈದು ದಿನಕ್ಕೆ ಮತ್ತೆ ಬಂತು, ಈ ಸಲ ಮನೆಯಲ್ಲೇ, ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ. ಆಮೇಲೆ ಬಸ್ಸು ಬಿಟ್ಟರು, ಸಂತೆ ಬಿಟ್ಟರು, ತವರಿನ ಮದುವೆ ಬಿಟ್ಟರು. ಹೊರಗೆ ಕಾಲಿಟ್ಟರೆ ಕೈಯಲ್ಲಿ ನೀರಿನ ಬಾಟಲಿ, ಮುಷ್ಟಿಯಲ್ಲಿ ಮಂತ್ರಿಸಿದ ನಿಂಬೆಹಣ್ಣು, ಪಕ್ಕದಲ್ಲಿ ಗಂಡ.

ರೋಗನಿರ್ಣಯ ಇಷ್ಟರಲ್ಲೇ ಮುಕ್ಕಾಲು ಆಗಿಹೋಗುತ್ತದೆ. ಕಾರಣವಿಲ್ಲದೆ ಒಮ್ಮೆಲೇ ಏರಿ ಹತ್ತು ನಿಮಿಷದೊಳಗೆ ತುದಿ ಮುಟ್ಟುವ ಗಾಬರಿ, ಎದೆ ಹೊಡೆತ, ಬೆವರು, ನಡುಕ, ಉಸಿರು ಕಟ್ಟುವಿಕೆ, ತಲೆತಿರುಗು, ಜುಮ್ಮೆನ್ನುವಿಕೆ, ಸಾಯುತ್ತೇನೆ ಅಥವಾ ಹುಚ್ಚು ಹಿಡಿಯುತ್ತದೆ ಎಂಬ ಭಯ, ಇವುಗಳಲ್ಲಿ ನಾಲ್ಕಾದರೂ ಒಟ್ಟಿಗೆ ಬಂದರೆ ಅದು ಪ್ಯಾನಿಕ್ ಅಟ್ಯಾಕ್. ಅಟ್ಯಾಕ್ ಯಾರಿಗೂ ಒಮ್ಮೆ ಬರಬಹುದು. ಅದು ಮತ್ತೆ ಮತ್ತೆ ಬಂದು, ಇನ್ನೊಮ್ಮೆ ಬಂದೀತೆಂಬ ಚಿಂತೆಯಲ್ಲೋ ಅದರ ಭಯಕ್ಕೆ ಓಡಾಟ ಬಿಡುವುದರಲ್ಲೋ ಒಂದು ತಿಂಗಳಿಗೂ ಹೆಚ್ಚು ಕಳೆದರೆ ಪ್ಯಾನಿಕ್ ಕಾಯಿಲೆ. ಆರು ತಿಂಗಳಿಂದ ದಿನದಿನವೂ ಮಕ್ಕಳು, ಸಾಲ, ಮಳೆ, ಆರೋಗ್ಯ ಎಂದು ಒಂದಲ್ಲ ಒಂದರ ಚಿಂತೆ, ಕತ್ತು ಬಿಗಿತ, ನಿದ್ದೆಯಿಲ್ಲ ಎನ್ನುವವರದು ಬೇರೆ, ಅದು ಸಾಮಾನ್ಯೀಕೃತ ಆತಂಕ. ಔಷಧಿ ಹೆಚ್ಚುಕಡಿಮೆ ಅದೇ, ಮಾತಿನ ಚಿಕಿತ್ಸೆಯ ದಾರಿ ಬೇರೆ.

ಹಾಗಂತ ಎದೆ ಹಿಡಿದುಕೊಂಡು ಬಂದವರನ್ನೆಲ್ಲ ಗಾಬರಿ ಎಂದು ಕೂರಿಸಿದರೆ ಒಂದು ದಿನ ಒಬ್ಬರ ಜೀವ ಹೋಗುತ್ತದೆ. ಮೊದಲ ಸಲದ ಎದೆನೋವು, ನಲವತ್ತು ದಾಟಿದ ವಯಸ್ಸು, ಶುಗರ್, ಬಿಪಿ, ಬೀಡಿ, ನಡೆದರೆ ಹೆಚ್ಚಿ ಕೂತರೆ ಇಳಿಯುವ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ಇವು ಇದ್ದರೆ ಮೊದಲು ಹೃದಯ, ಆಮೇಲೆ ಮನಸ್ಸು. ಒಂದು ಇಸಿಜಿ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ನೋಡಬೇಕಾಗುತ್ತದೆ. ಸ್ವಿಚ್ ಹಾಕಿದಂತೆ ಶುರುವಾಗಿ ಸ್ವಿಚ್ ಆರಿಸಿದಂತೆ ನಿಲ್ಲುವ, ನಾಡಿ 150 ದಾಟುವ ಹೊಡೆತ ಲಯದ ದೋಷವಿರಬಹುದು, ಕಲಬುರಗಿಯ ಜಯದೇವಕ್ಕೆ ಬರೆದುಕೊಡಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ದಮ್ಮು ಇವನ್ನೂ ಒಮ್ಮೆ ನೋಡಿರಬೇಕು. ಈ ಹೆಣ್ಣುಮಗಳದ್ದು ಎಲ್ಲ ಆಗಿತ್ತು. ಎಂಟನೆಯ ಇಸಿಜಿ ಬೇಡವೆಂದು ಮೊದಲೇ ಹೇಳಿಬಿಡಬೇಕಾಯಿತು. ಪ್ರತಿ ಇಸಿಜಿಯೂ ನಾಲ್ಕು ದಿನದ ನೆಮ್ಮದಿ ಕೊಡುತ್ತದೆ, ಐದನೆಯ ದಿನ ಅನುಮಾನ ವಾಪಸು ಬರುತ್ತದೆ.

ಸಲಾಯಿನ್ ಕಥೆಯೂ ಇಂಥದ್ದೇ. ಅಟ್ಯಾಕ್ ಹತ್ತು ನಿಮಿಷಕ್ಕೆ ತುದಿಗೇರಿ, ಅರ್ಧ ತಾಸಿನ ಆಚೀಚೆ ತಾನಾಗಿಯೇ ಇಳಿಯುತ್ತದೆ. ಗಾಡಿ ಹುಡುಕಿ, ದವಾಖಾನೆ ಮುಟ್ಟಿ, ನರ ಹುಡುಕಿ, ಬಾಟಲಿ ನೇತುಹಾಕುವ ಹೊತ್ತಿಗೆ ಅದು ಇಳಿಯುತ್ತಲೇ ಇರುತ್ತದೆ. ಹೆಸರು ಮಾತ್ರ ಗ್ಲುಕೋಸಿಗೆ. ಮುಂದಿನ ಸಲ ದವಾಖಾನೆ ದೂರವಿದ್ದರೆ ಭಯ ಇಮ್ಮಡಿ.

ವಿವರಣೆ ಕೊಡುವ ಮೊದಲು, ಬೇಕೆಂದೇ ಜೋರಾಗಿ ಉಸಿರಾಡಿಸಿ ತೋರಿಸುವುದು ಒಳ್ಳೆಯದು. ಬಸುರಿಯರಿಗೆ, ಹೃದ್ರೋಗ, ಮೂರ್ಛೆ, ದಮ್ಮು ಇರುವವರಿಗೆ ಇದನ್ನು ಮಾಡಿಸಬಾರದು. ಅವು ಯಾವುವೂ ಇಲ್ಲವೆಂದು ಕೇಳಿಕೊಂಡು, ಆ ಹೆಣ್ಣುಮಗಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಕುರ್ಚಿಯಲ್ಲಿ ಕೂತಲ್ಲೇ ಬಾಯಿಯಿಂದ ಜೋರಾಗಿ ಉಸಿರಾಡಲು ಹೇಳಲಾಯಿತು. ಎರಡು ಸೆಕೆಂಡಿಗೊಂದು ಉಸಿರು, ಒಂದು ನಿಮಿಷ. ನಲವತ್ತನೆಯ ಸೆಕೆಂಡಿಗೆ ಗಂಡನ ತೋಳು ಹಿಡಿದುಕೊಂಡರು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಳ್ಳತೊಡಗಿತ್ತು.

"ಇದೇರಿ! ಬಸ್ಸಿನ್ಯಾಗ ಆಗಿದ್ದು ಇದೇರಿ!"

"ಮಿಷನ್ ನೋಡ್ರಿ ತಂಗಿ, ಆಕ್ಸಿಜನ್ ಎಷ್ಟದ?"

99 ಇತ್ತು. ನಾಡಿ 118.

ಉಸಿರು ಸಾಲುತ್ತಿಲ್ಲ ಎನಿಸುವ ಹೊತ್ತಿನಲ್ಲಿ ಮೈಗೆ ಉಸಿರು ಹೆಚ್ಚಾಗಿರುತ್ತದೆ. ಹೊರಹೋಗಬಾರದಷ್ಟು ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಇಳಿದು ನರಗಳು ಕೆರಳುತ್ತವೆ. ತುಟಿ, ಬೆರಳು ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು ಇದರಿಂದ. ಮಿದುಳಿನ ರಕ್ತನಾಳ ಕೊಂಚ ಕಿರಿದಾಗುವುದರಿಂದ ತಲೆ ತಿರುಗುತ್ತದೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುತ್ತದೆ. ಆದರೂ ಪ್ಯಾನಿಕ್‌ನಲ್ಲಿ ಎಚ್ಚರ ತಪ್ಪಿ ಬೀಳುವುದು ಅಪರೂಪ. ಬೀಳಲು ಬಿಪಿ ಇಳಿಯಬೇಕು, ಇಲ್ಲಿ ಏರುತ್ತದೆ. ರಕ್ತ, ಸೂಜಿ ನೋಡಿದರೆ ಬೀಳುವವರ ಭಯ ಬೇರೆ ಜಾತಿಯದು.

ಇನ್ನು ಈ ಭಯ ಎಲ್ಲಿಂದ? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ವಿವರಣೆಯೇ ಇವತ್ತಿಗೂ ಚಿಕಿತ್ಸೆಯ ಬುನಾದಿ. ಎದೆ ಹೊಡೆದುಕೊಂಡಿತು, ಅದನ್ನು ಹಾರ್ಟ್ ಅಟ್ಯಾಕ್ ಎಂದು ಓದಿಕೊಂಡೆವು, ಅಡ್ರಿನಾಲಿನ್ ಇನ್ನಷ್ಟು ಸುರಿಯಿತು, ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ಸುತ್ತು ಶುರುವಾಗಲು ದೊಡ್ಡ ಕಾರಣ ಬೇಕಿಲ್ಲ. ಬಿಸಿಲು, ಖಾಲಿ ಹೊಟ್ಟೆ, ನಾಲ್ಕನೆಯ ಕಪ್ ಚಹಾ, ಬಸ್ಸಿನ ಸೆಕೆ ಸಾಕು. ಆ ಹೆಣ್ಣುಮಗಳಿಗೆ ಹೇಳಿದ್ದು ಹೀಗೆ: ಜೋಳದ ಹೊಲದ ಕಾವಲಿನವ ಗಾಳಿಗೆ ದಂಟು ಅಲ್ಲಾಡಿದ್ದಕ್ಕೇ ಹಂದಿ ಬಂತೆಂದು ಕೂಗ್ತಾನ, ಕೂಗು ಖರೆ, ಹಂದಿ ಇಲ್ಲ.

ಅಟ್ಯಾಕ್ ಬಂದವರಿಗೆ ಸುತ್ತಲಿನವರು ಹೇಳುವ "ಆಳವಾಗಿ ಉಸಿರು ಎಳೀರಿ" ತಪ್ಪು ಸಲಹೆ. ಆಳವೂ ಜೋರೂ ಆದರೆ ಇಂಗಾಲದ ಡೈಆಕ್ಸೈಡ್ ಇನ್ನೂ ಇಳಿಯುತ್ತದೆ. ಬೇಕಾದ್ದು ನಿಧಾನ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ, ಹೊಟ್ಟೆಯ ಮೇಲಿನ ಕೈ ಏರಬೇಕು, ಎದೆಯ ಮೇಲಿನದು ಸುಮ್ಮನಿರಬೇಕು. ನಿಮಿಷಕ್ಕೆ ಆರು ಉಸಿರಾಯಿತು. ಇದನ್ನು ಆರಾಮಿದ್ದಾಗ ದಿನಕ್ಕೆರಡು ಸಲ ಹತ್ತು ಹತ್ತು ನಿಮಿಷ ರೂಢಿ ಮಾಡಿದ್ದರೆ ಮಾತ್ರ ಅಟ್ಯಾಕಿನಲ್ಲಿ ಕೈಗೆ ಬರುತ್ತದೆ. ಮುಖಕ್ಕೆ ಕಾಗದದ ಚೀಲ ಹಿಡಿಯುವುದು ಬೇಡ. ಹೃದಯದ ತೊಂದರೆಯೋ ದಮ್ಮೋ ಆಗಿದ್ದರೆ ಅದು ಪ್ರಾಣಕ್ಕೆ ಕುತ್ತು.

ನಿಜವಾದ ಕೆಲಸ ಬಸ್ಸಿನದು. ಭಯಕ್ಕೆ ಅಂಕ ಕೊಡಿ, ಸೊನ್ನೆಯಿಂದ ಹತ್ತು ಎಂದರೆ ಅವರು ಗಂಡನ ಮುಖ ನೋಡಿದರು. ರೂಪಾಯಿಗೆ ಎಷ್ಟಾಣೆ ಎಂದದ್ದೇ ತಡ, ಲೆಕ್ಕ ಸರಸರ ಬಂತು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಲ್ಲುವುದು ಚಾರಾಣೆ. ಗಂಡನ ಜೊತೆ ಮಳಖೇಡಕ್ಕೆ ಹೋಗಿ ಬರುವುದು ಆಠಾಣೆ. ಒಬ್ಬರೇ ಮಳಖೇಡಕ್ಕೆ ಬಾರಾಣೆ. ಒಬ್ಬರೇ, ತುಂಬಿದ ಬಸ್ಸಿನಲ್ಲಿ ನಿಂತು ಕಲಬುರಗಿಯವರೆಗೆ, ಅದು ಹದಿನಾರಾಣೆ, ಅಂದರೆ ತುಂಬು ರೂಪಾಯಿ. ಏಣಿ ಸಿದ್ಧ. ವಾರಕ್ಕೆ ಮೂರು ನಾಲ್ಕು ಸಲ ಒಂದೇ ಮೆಟ್ಟಿಲು, ಭಯ ಅರ್ಧಕ್ಕಿಳಿಯುವವರೆಗೆ ಅಲ್ಲೇ ಇರುವುದು, ಒಂದು ಮೆಟ್ಟಿಲು ಸಪ್ಪೆ ಅನಿಸಿದ ಮೇಲೆ ಮುಂದಿನದು. ಮೊದಲೆಲ್ಲ ಇಂಥ ಅಭ್ಯಾಸಕ್ಕೆ ಬಡವರ ಮನೆಯಲ್ಲಿ ಬಸ್ ಚಾರ್ಜೇ ಅಡ್ಡಿಯಾಗುತ್ತಿತ್ತು. 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಆ ಖರ್ಚಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಬಸ್ಸಿನ ಗದ್ದಲವೂ ಹೆಚ್ಚಿದೆ, ಚಿಕಿತ್ಸೆಗೆ ಅದೂ ಅನುಕೂಲವೇ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಭಯ ತುದಿಯಲ್ಲಿದ್ದಾಗ ಇಳಿದುಬಿಡುವುದು. ಇಳಿದೊಡನೆ ಹಾಯೆನಿಸುತ್ತದೆ, ಇಳಿದಿದ್ದಕ್ಕೇ ಬದುಕಿದೆ ಎಂದು ಮಿದುಳು ಬರೆದಿಟ್ಟುಕೊಳ್ಳುತ್ತದೆ. ಇಳಿಯಲೇಬೇಕಾಯಿತೇ, ಅವತ್ತೇ ಮುಂದಿನ ಬಸ್ಸು ಹತ್ತಬೇಕು. ಎರಡು, ಊರುಗೋಲು. ನೀರಿನ ಬಾಟಲಿ, ಕಿಸೆಯಲ್ಲಿನ ಗುಳಿಗೆ, ಬಾಗಿಲ ಪಕ್ಕದ ಸೀಟು, ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದು. ನಾಲ್ಕು-ಆರರ ಉಸಿರು ಕೂಡ ಕೆಲವರಿಗೆ ಊರುಗೋಲಾಗಿಬಿಡುತ್ತದೆ. ನಿಂಬೆಹಣ್ಣನ್ನು ಮೊದಲ ದಿನವೇ ಕಿತ್ತುಕೊಳ್ಳಲಿಲ್ಲ. ಬಂದೇ ನವಾಜ ದರ್ಗಾಕ್ಕೋ ಗಾಣಗಾಪುರಕ್ಕೋ ಹೋಗಿಬರುತ್ತೇವೆಂದರೂ ಬೇಡವೆನ್ನುವ ಅಗತ್ಯವಿಲ್ಲ, ಗುಳಿಗೆ ನಿಲ್ಲಿಸದಿದ್ದರಾಯಿತು.

ಗುಳಿಗೆಯದು: ಎಸ್ಸಿಟಲೋಪ್ರಾಮ್ 5 ಮಿಲಿಗ್ರಾಂ, ಬೆಳಿಗ್ಗೆ ಊಟವಾದ ಮೇಲೆ, ಒಂದು ವಾರ, ಆಮೇಲೆ 10. ಪ್ಯಾನಿಕ್‌ನವರಿಗೆ ಶುರುವಿನಲ್ಲೇ 10 ಕೊಟ್ಟರೆ ತಳಮಳ ಹೆಚ್ಚಿ ಮೂರನೆಯ ದಿನ ಬಿಟ್ಟುಬಿಡುತ್ತಾರೆ. ಮೊದಲ ಒಂದೆರಡು ವಾರ ವಾಕರಿಕೆ, ಚಡಪಡಿಕೆ ಇರಬಹುದು, ಗುಣ ಕಾಣಲು ಎರಡರಿಂದ ಆರು ವಾರ. ಇದನ್ನು ಮೊದಲೇ ಹೇಳದಿದ್ದರೆ ಔಷಧಿ ಬರೆದೂ ಉಪಯೋಗವಿಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತದೆ, ಅದನ್ನೂ ಕೇಳಬೇಕು. ಸಾಯುವ ವಿಚಾರ ಬರುತ್ತದೆಯೇ ಎಂದು ಎಲ್ಲರನ್ನೂ ಕೇಳಬೇಕು, ಇಪ್ಪತ್ತೈದರ ಒಳಗಿನವರನ್ನು ಮೊದಲ ವಾರಗಳಲ್ಲಿ ವಿಶೇಷವಾಗಿ. ಪ್ರಮಾಣ ಪ್ರತಿಯೊಬ್ಬರಿಗೂ ಬೇರೆ, ಇವರ ಚೀಟಿ ನೋಡಿ ಇನ್ನೊಬ್ಬರು ನುಂಗುವಂಥದ್ದಲ್ಲ.

ಗಂಡನಿಗೂ ಕೆಲಸ ಹಂಚಿದೆವು. "ಅಣ್ಣಾ, ಅಟ್ಯಾಕ್ ಬಂದಾಗ ದವಾಖಾನೆಗೆ ಓಡಬ್ಯಾಡ್ರಿ, ಬೆನ್ನು ತಿಕ್ಕಬ್ಯಾಡ್ರಿ, ನೀರು ಕುಡಿಸಬ್ಯಾಡ್ರಿ. ಬಾಜೂ ಕುಂತು, ಇದು ಅದೇ, ಇಳೀತದ, ಎಷ್ಟಾಣೆ ಅದ ಅಂತ ಕೇಳ್ರಿ, ಸಾಕು." ಇಲ್ಲಿಯವರೆಗಿಲ್ಲದ ಬೇರೆ ಥರದ ಎದೆನೋವು ಬಂದರೆ ಮಾತ್ರ ಓಡಬೇಕು. ರಾತ್ರಿ ಹೊತ್ತು ಕೇಳಲು ಯಾರೂ ಇಲ್ಲದಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅವರು ಎದ್ದ ಮೇಲೆ ಬಂದವರು ನಲವತ್ತೈದರ ಗೌಂಡಿ. ಮೇಲ್ನೋಟಕ್ಕೆ ಅದೇ ದೂರು: ನಡುಕ, ಬೆವರು, ಎದೆ ಹೊಡೆತ, ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಈ ಸೀಮೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ, ಸೇಂದಿ ಕುಡೀತೀರಾ? ಅವರು ಸುಮ್ಮನಿದ್ದರು, ಹೆಂಡತಿ ಹೇಳಿದರು. ತೆಲಂಗಾಣದ ಕಡೆ ಕೆಲಸಕ್ಕೆ ಹೋದಾಗ ದಿನಾ ಕುಡಿಯುತ್ತಿದ್ದರು, ಊರಿಗೆ ಬಂದು ಮೂರು ದಿನವಾಗಿತ್ತು. ಕಲಬೆರಕೆ ಸೇಂದಿಗೆ, ಗಾಬರಿ ತಗ್ಗಿಸಲು ಕೊಡುವ ಅಲ್ಪ್ರಜೋಲಾಮ್ ಔಷಧಿ ಬೆರೆಸುವುದು ಗಡಿಯ ಎರಡೂ ಕಡೆ ಗೊತ್ತಿರುವ ಸಂಗತಿ. ಮೈಗೆ ಅದು ಒಗ್ಗಿದ ಮೇಲೆ ಒಮ್ಮೆಲೇ ನಿಂತರೆ ಒಂದೆರಡು ದಿನದಲ್ಲಿ ಥೇಟ್ ಪ್ಯಾನಿಕ್‌ನಂತೆಯೇ ಶುರುವಾಗಿ ಫಿಟ್ಸ್‌ವರೆಗೂ ಹೋಗುತ್ತದೆ. ಇವರಿಗೆ ಉಸಿರಿನ ಪಾಠ ಹೇಳುತ್ತ ಕೂತರೆ ಅನಾಹುತ. ದಾಖಲು ಮಾಡಿ, ಅದೇ ಜಾತಿಯ, ಹೆಚ್ಚು ಹೊತ್ತು ಕೆಲಸ ಮಾಡುವ ಡಯಾಜೆಪಾಮ್‌ಗೆ ಬದಲಿಸಿ, ಹಂತ ಹಂತವಾಗಿ ಇಳಿಸಬೇಕು.

ಮೆಡಿಕಲ್ ಅಂಗಡಿಯ ಅಲ್ಪ್ರಜೋಲಾಮ್ ಕೂಡ ಅದೇ ಔಷಧಿ ಎಂಬುದು ಸೇಂದಿ ಬೈಯುವವರಿಗೆ ಹೊಳೆಯುವುದಿಲ್ಲ. ಎಚ್1 ಪಟ್ಟಿಯಲ್ಲಿರುವ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗಿದವರು ಓಪಿಡಿಗೆ ಬರುತ್ತಾರೆ. ಅರ್ಧ ತಾಸಿನಲ್ಲಿ ಹಾಯೆನಿಸುತ್ತದೆ, ಕೆಲವು ವಾರಕ್ಕೆ ಅಷ್ಟೇ ಪ್ರಮಾಣ ಸಾಲದಾಗುತ್ತದೆ, ಬಿಟ್ಟರೆ ಗಾಬರಿ ಮೊದಲಿಗಿಂತ ಜೋರು. ಇಂಥ ಗುಳಿಗೆ ಬೇಕಾದರೂ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಬೇಡ.

ಆ ಹೆಣ್ಣುಮಗಳು ಆರನೆಯ ವಾರ ಬಂದಾಗ ಗಂಡ ಹಿಂದಿನ ಸೀಟಿನಲ್ಲಿ ಕೂತಿದ್ದರಂತೆ, ಇವರು ಮುಂದೆ ನಿಂತು ಬಂದಿದ್ದರು. ಮಳಖೇಡದ ಮೆಟ್ಟಿಲು ಆಠಾಣೆಯಿಂದ ಎರಡಾಣೆಗೆ ಇಳಿದಿತ್ತು. ನಡುವೆ ಒಂದು ಅಟ್ಯಾಕೂ ಬಂದಿತ್ತು, ಇಳಿಯಲಿಲ್ಲ, ಕಂಡಕ್ಟರಿಗೂ ಗೊತ್ತಾಗಲಿಲ್ಲ. ಬಾಟಲಿ ಬಿಟ್ಟಿದ್ದರು, ನಿಂಬೆಹಣ್ಣು ಬ್ಯಾಗಿನಲ್ಲಿತ್ತು. ಮುಂದಿನ ಎರಡು ವಾರ ಅದೂ ಮನೆಯಲ್ಲಿ, ಗಂಡನೂ ಮನೆಯಲ್ಲಿ, ಮಳಖೇಡಕ್ಕೆ ಒಬ್ಬರೇ ಎಂದು ಬರೆದುಕೊಟ್ಟದ್ದಾಯಿತು.

"ಗುಳಗಿ ಬಿಡ್ಲೇನ್ರಿ ಇನ್ನ?"

ಇಲ್ಲ. ಪೂರ್ತಿ ಆರಾಮಾದ ದಿನದಿಂದ ಹೆಚ್ಚುಕಡಿಮೆ ಒಂದು ವರ್ಷ ಇದೇ 10 ಮಿಲಿಗ್ರಾಂ, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಕೆ. ಚಟ ಹಿಡಿಸುವ ಗುಳಿಗೆಯಲ್ಲ, ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯಲ್ಲಿ ಕರೆಂಟು ಹರಿದಂತಾಗುವುದು, ಮತ್ತೆ ಗಾಬರಿ. ಆ ಗಾಬರಿಯನ್ನು ರೋಗ ಮರುಕಳಿಸಿತೆಂದು ತಿಳಿದು ಮತ್ತೊಂದು ಇಸಿಜಿಗೆ ಓಡುವವರಿದ್ದಾರೆ. ಗುಳಿಗೆ ಮುಗಿಯುವ ಮೂರು ದಿನ ಮೊದಲೇ ಬರಲು ಗಂಡನಿಗೆ ಹೇಳಿ, ಮುಂದಿನ ತಾರೀಖನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕಳಿಸಿದೆವು.