ಬೆಳಕಿನ ಕೈಯಲ್ಲಿ ವಾಚಿಲ್ಲ

ಮ್ಯಾಗಝೀನಿಗೆ ಏನಾದರೂ ಬರೆದುಕೊಡಿ ಅಂದಾಗ ಥಟ್ಟನೆ ನೆನಪಾಗಿದ್ದು, ಕೊನೆಯ ಬೆಂಚಿನಿಂದ ನಾನು ಕೇಳಿದ್ದ ಒಂದು ಪ್ರಶ್ನೆ. ಫಿಸಿಕ್ಸ್ ಮೇಷ್ಟ್ರು ಮಹಾಸ್ಫೋಟದ ಪಾಠ ಮಾಡುತ್ತಾ ಬೋರ್ಡಿನ ಮೇಲೆ 1,380 ಕೋಟಿ ವರ್ಷ ಅಂತ ಬರೆದಿದ್ದರು. "ಸಾರ್, ಅದಕ್ಕೂ ಮುಂಚೆ ಇನ್ನೊಂದು ವಿಶ್ವ ಇದ್ದು, ಅದು ಕುಸಿದು ಇದು ಹುಟ್ಟಿದ್ದರೆ?" ಅಂದೆ. ಕ್ಲಾಸೆಲ್ಲ ನಕ್ಕಿತು.

ಮೇಷ್ಟ್ರು ನಗಲಿಲ್ಲ. 1930ರ ದಶಕದಲ್ಲೇ ರಿಚರ್ಡ್ ಟಾಲ್ಮನ್ ಅನ್ನೋ ಭೌತವಿಜ್ಞಾನಿ ಇದನ್ನು ಲೆಕ್ಕ ಹಾಕಿ ನೋಡಿದ್ದಾನೆ ಅಂದರು. ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆಯ ಅಳತೆ, ಏರುತ್ತಲೇ ಹೋಗುವುದರಿಂದ ಪ್ರತಿ ಸುತ್ತೂ ಹಿಂದಿನದಕ್ಕಿಂತ ಜಾಸ್ತಿ ಉದ್ದ ಆಗುತ್ತದೆ. ಅಂದರೆ ಹಿಂದಕ್ಕೆ ಎಣಿಸಿದರೆ ಸುತ್ತುಗಳು ಚಿಕ್ಕದಾಗುತ್ತಾ ಹೋಗಿ, ಎಲ್ಲೋ ಒಂದು ಕಡೆ ಮತ್ತೆ ಶುರು ಅನ್ನೋದು ಬೇಕೇ ಬೇಕು. "ನಿನ್ನ ಪ್ರಶ್ನೆ ಸುತ್ತು ಹೊಡೆದು ಅಲ್ಲಿಗೇ ಬಂತಲ್ಲೋ!"

ಅವತ್ತೇ ಅವರು ಇನ್ನೊಂದು ಮಾತು ಹೇಳಿದರು: ಬೆಳಕಿನ ಕೈಯಲ್ಲಿ ವಾಚಿಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿಯಿಂದ ಹೊರಟ ಬೆಳಕು ಇಲ್ಲಿಗೆ ಬರಲು ನಮ್ಮ ಲೆಕ್ಕದಲ್ಲಿ ಸುಮಾರು 25 ಲಕ್ಷ ವರ್ಷ ಬೇಕು, ಆದರೆ ಬೆಳಕಿನ ದಾರಿಯುದ್ದಕ್ಕೂ ಸಮಯ ಕೂಡಿಸಿದರೆ ಬರುವ ಉತ್ತರ ಸೊನ್ನೆ. ನನಗೆ ಅವತ್ತು ಒಂಚೂರೂ ಅರ್ಥವಾಗಲಿಲ್ಲ, ಸುಮ್ನೆ ತಲೆಯಾಡಿಸಿದ್ದೆ.

ಆಮೇಲೆ ಬ್ರಿಟಿಷ್ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಅವರ ವಾದ ಓದಿದಾಗ ಆ ಸೊನ್ನೆ ವಾಪಸ್ ಬಂತು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಅಂತ 1998ರಲ್ಲಿ ಗೊತ್ತಾಯಿತಲ್ಲ, ಹಾಗಾಗಿ ಕುಸಿಯುವ ಮಾತು ಕಷ್ಟವಾಯಿತು. ಪೆನ್‌ರೋಸ್‌ಗೆ ಕುಸಿತವೇ ಬೇಡ. ತೀರಾ ದೊಡ್ಡ ಕಪ್ಪುಕುಳಿಗಳು ಆವಿಯಾಗಿ ಮುಗಿಯಲು ಒಂದರ ಮುಂದೆ ಸುಮಾರು 100 ಸೊನ್ನೆ ಹಾಕುವಷ್ಟು ವರ್ಷ ಬೇಕು, ಅದೆಲ್ಲ ಆದಮೇಲೆ ಉಳಿಯುವುದು ಹೆಚ್ಚೂಕಡಿಮೆ ಬರೀ ಬೆಳಕು. ತೂಕವಿರುವ ಕಣವೇ ಇಲ್ಲ ಅಂದಮೇಲೆ ಗಡಿಯಾರವಿಲ್ಲ, ಗಡಿಯಾರವಿಲ್ಲದೆ ದೂರ ಅಳೆಯಲೂ ಆಗಲ್ಲ, ಅಳತೆಯೇ ಇಲ್ಲದಿದ್ದರೆ ಅಷ್ಟು ದೊಡ್ಡ ಖಾಲಿ ವಿಶ್ವಕ್ಕೂ ಒಂದು ಪುಟ್ಟ ಹೊಸ ಶುರುವಿಗೂ ವ್ಯತ್ಯಾಸ ಹೇಳುವವರು ಯಾರು? ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗಿ.

ಹಿಂದಿನ ಸುತ್ತಿನ ಗುರುತುಗಳು ಮಹಾಸ್ಫೋಟದ ಕಾಲದಿಂದ ಉಳಿದಿರುವ ಆಕಾಶದ ಹಳೆಯ ಮೈಕ್ರೋವೇವ್ ಬೆಳಕಿನಲ್ಲಿ ಉಂಗುರಗಳಾಗಿ ಕಾಣುತ್ತವೆ ಅಂತ 2010ರಲ್ಲಿ ಅವರು ಮತ್ತು ಗುರ್ಜಾದ್ಯಾನ್ ಅನ್ನೋ ಇನ್ನೊಬ್ಬ ಭೌತವಿಜ್ಞಾನಿ ಹೇಳಿದರು. ಬೇರೆಯವರು ಪರೀಕ್ಷಿಸಿದಾಗ ಹಿಂದಿನ ಸುತ್ತೇ ಇಲ್ಲದ ಮಾಮೂಲಿ ವಿಶ್ವದ ಮಾದರಿಯಲ್ಲೂ ಅಂಥ ಉಂಗುರಗಳು ಬಂದವು. ನನಗೆ ಸ್ವಲ್ಪ ಬೇಜಾರೇ ಆಯಿತು.

ಹೋದ ವರ್ಷ ಮೇಷ್ಟ್ರಿಗೆ ಫೋನ್ ಮಾಡಿ ಇದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ಸರಿ ಕಣೋ. ಉಳಿದಿರೋ ಎಲೆಕ್ಟ್ರಾನ್‌ಗಳಿಗೆ ತೂಕ ಇದೆಯಲ್ಲ, ಅವನ್ನ ಏನು ಮಾಡ್ತೀಯ?"