“ಹೊರಗೆ ಬಾ, ಒಂದು ಮಾತಿದೆ”

ಫೀಸು ಬಾಕಿ ಇದ್ದವರ ಹೆಸರನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವುದು ಆಗ ಇದ್ದದ್ದೇ. ನಮ್ಮ ಕನ್ನಡ ಸಾರ್ ಮಾತ್ರ ಓದುತ್ತಿರಲಿಲ್ಲ. ಹೋಂವರ್ಕ್ ನೋಟ್‌ಬುಕ್ ವಾಪಸ್ ಕೊಡುವಾಗ ಒಳಗೆ ಮಡಚಿದ ಚೀಟಿ ಇರುತ್ತಿತ್ತು: “ಅಪ್ಪನಿಗೆ ಪುರುಸೊತ್ತಾದಾಗ ಬಂದು ಹೋಗಲಿ. ಗಾಬರಿ ಬೇಡ.” ಪಕ್ಕದಲ್ಲಿ ಕೂತವನಿಗೂ ಸುಳಿವು ಸಿಗುತ್ತಿರಲಿಲ್ಲ. ನನಗೊಬ್ಬನಿಗೇ ಬರುತ್ತೆ ಅಂದುಕೊಂಡಿದ್ದೆ. ಮೊನ್ನೆ ಬ್ಯಾಚಿನವರೆಲ್ಲ ಸೇರಿದಾಗ ನೋಡಿದರೆ ಅರ್ಧ ಕ್ಲಾಸಿಗೆ ಬಂದಿತ್ತು!

ನಮ್ಮದು ಕ್ರೈಸ್ತ ಮನೆ. “ಮೃದುವಾದ ಪ್ರತ್ಯುತ್ತರವು ಸಿಟ್ಟನ್ನಾರಿಸುವದು” ಅನ್ನುವ ಬೈಬಲ್ಲಿನ ಜ್ಞಾನೋಕ್ತಿ ಪುಸ್ತಕದ ವಾಕ್ಯ ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಆಗಿತ್ತು. ಅದನ್ನು ಬಾಳುವವರನ್ನು ನೋಡಿದ್ದು ಮಾತ್ರ ಶಾಲೆಯಲ್ಲಿ. ಸಾರ್ ಕೂಡ ನಮ್ಮ ಸಭೆಯವರೇ, ಅಂದರೆ ನಮ್ಮ ಚರ್ಚಿನವರೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲೇ ಇದ್ದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೈಹಾಕಿದರು ಅನ್ನುವುದು ಅವರಿಗೆ ದೊಡ್ಡ ಹೆಮ್ಮೆ. “ಊರವರ ಮಾತು ಕಲೀದೆ ಊರವರಿಗೆ ಏನು ಹೇಳ್ತೀಯಪ್ಪ?” ಅನ್ನುತ್ತಿದ್ದರು. ತೆಲುಗಿನವರು ಬಂದರೆ ತೆಲುಗು, ಕೌಲ್ ಬಜಾರಿನ ಸಾಬರು ಬಂದರೆ ಉರ್ದು. ಅವರ ಉರ್ದು ಕೇಳಿ ನಾವು ಮುಸಿಮುಸಿ ನಗುತ್ತಿದ್ದೆವು. ಬಂದವರು ನಗುತ್ತಿರಲಿಲ್ಲ.

ನಮ್ಮ ಜೊತೆ ಒಬ್ಬ ಹುಡುಗನಿದ್ದ. ಮನೆಯಲ್ಲಿ ಜೀನ್ಸ್ ಹೊಲಿಯುತ್ತಿದ್ದರು, ಬಳ್ಳಾರಿಯಲ್ಲಿ ಅದೇನು ಹೊಸದಲ್ಲ. ರಾತ್ರಿಯೆಲ್ಲ ದಾರ ಕತ್ತರಿಸಿ ಅವನ ಬೆರಳ ತುದಿ ನೀಲಿ, ಉಗುರಿನ ಸಂದಿಯೂ ನೀಲಿ. ಹಿಂದಿನ ಬೆಂಚಿನವನೊಬ್ಬ “ನೀಲಿ” ಅಂತ ಹೆಸರಿಟ್ಟ. ವಾರದೊಳಗೆ ಎಲ್ಲರ ಬಾಯಲ್ಲೂ ಅದೇ.

ಸಾರ್ ಬೈಯಲಿಲ್ಲ. ಮರುದಿನ ಬೈಬಲ್ಲಿನ ದಾವೀದ ಅರಸನ ಕಥೆ ಹೇಳಿದರು. ಅರಸ ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಿದ್ದ. ಪ್ರವಾದಿ ನಾತಾನನು ಅರಸನ ಮುಂದೆ ಹೋಗಿ, ಬಡವನಿಗೆ ಇದ್ದ ಒಂದೇ ಒಂದು ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಅಂತ ಹೇಳುತ್ತಾನೆ. ದಾವೀದ ಕೆಂಡವಾಗುತ್ತಾನೆ. ಆಗ ನಾತಾನ, “ಆ ಮನುಷ್ಯ ನೀನೇ.” ನಾವೆಲ್ಲ ಆ ಸಾಹುಕಾರನಿಗೆ ಬೈದಿದ್ದೇ ಬೈದಿದ್ದು. ಬೆಲ್ ಆಯಿತು. ಸಾರ್ ಹಿಂದಿನ ಬೆಂಚಿಗೆ ಹೋಗಿ ಮೆಲ್ಲಗೆ, “ಹೊರಗೆ ಬಾ, ಒಂದು ಮಾತಿದೆ” ಅಂದರು. ಬೇವಿನ ಮರದ ಕೆಳಗೆ ಅವನಿಗೆ ಏನು ಹೇಳಿದರೋ, ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆ ಅಡ್ಡಹೆಸರು ಮಾತ್ರ ಅಲ್ಲಿಗೆ ನಿಂತಿತು.

ಸಾರ್ ತುಂಬಾ ಮೆದು ಅಂತ ಕೆಲವರು ಅನ್ನುತ್ತಿದ್ದರು. ನಾನು ಒಪ್ಪಲ್ಲ. ಹೇಳಬೇಕಾದ್ದನ್ನು ಅವರು ನುಂಗಿಕೊಂಡಿದ್ದೇ ಇಲ್ಲ. ಸಹೋದರನು ತಪ್ಪು ಮಾಡಿದರೆ ಮೊದಲು ನೀವಿಬ್ಬರೇ ಇರುವಾಗ ಹೇಳು ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಅವರು ಅದನ್ನು ಅಕ್ಷರಶಃ ಮಾಡಿದರು, ಅಷ್ಟೇ. ನಾವು ಸಭೆಯವರು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿ, ಕೊನೆಗೆ “ಅವನಿಗೋಸ್ಕರ ಪ್ರಾರ್ಥನೆ ಮಾಡಿ” ಅಂತ ಸೇರಿಸಿದರೆ ಚಾಡಿಯೂ ಭಕ್ತಿ ಆಗಿಬಿಡುತ್ತೆ, ಅಲ್ವಾ?

ಹಿಂದಿನ ಬೆಂಚಿನ ಆ ಗೆಳೆಯ ಈಗ ಸ್ವಂತ ಜೀನ್ಸ್ ಯೂನಿಟ್ ಇಟ್ಟಿದ್ದಾನೆ. ಕೆಲಸದವರ ಮೇಲೆ ಕೂಗಾಡುವುದರಲ್ಲಿ ಬೀದಿಗೇ ಫೇಮಸ್. ಆದರೆ ಸಂಬಳ ಮುಂಗಡ ಕೇಳುವವರು ಯಾರೂ ನಾಲ್ಕು ಜನರ ಮುಂದೆ ಕೇಳಬೇಕಾಗಿಲ್ಲವಂತೆ. ಒಳಗಿನ ರೂಮಿಗೆ ಕರೆಯುತ್ತಾನೆ. ಅಲ್ಲೂ ಸ್ವಲ್ಪ ಕೂಗಾಡಿಯೇ ಕೊಡುತ್ತಾನೆ ಬಿಡಿ.